ಕನ್ಸಲ್ಟೆಂಟ್ ದಂತವೈದ್ಯರ ಗಳಿಕೆಗೆ ದಾಖಲೆ ಎಲ್ಲಿದೆ?

ಬಿಡಿಎಸ್, ಎಂಡಿಎಸ್ ಮುಗಿಸಿ, ಸ್ವಂತ ಕ್ಲಿನಿಕ್ ಹಾಕುವಷ್ಟು ಬಂಡವಾಳವಿಲ್ಲದೆ ಬೇರೆಯವರ ಕ್ಲಿನಿಕ್ಕುಗಳಲ್ಲಿ ಪರ್ಸೆಂಟೇಜ್ ಲೆಕ್ಕದಲ್ಲಿ ದುಡಿಯುವ ದಂತವೈದ್ಯರು ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಬೇಕಾದಷ್ಟಿದ್ದಾರೆ. ಎಷ್ಟೋ ಕಡೆ ಒಪ್ಪಂದವೆಲ್ಲ ಬರೀ ಬಾಯಿಮಾತು. ಅದರ ಬೆಲೆಯನ್ನು ಅವರು ಮುಂದೆ ತೆರಲಿದ್ದಾರೆ ಎಂಬುದೇ ನನ್ನ ಆತಂಕ.

ರೂಟ್ ಕೆನಾಲ್ ಮತ್ತು ಕ್ಯಾಪ್‌ಗೆ ರೋಗಿ 10,000 ರೂಪಾಯಿ ಕೊಟ್ಟರು ಅನ್ನಿ. ಲ್ಯಾಬ್ ಬಿಲ್ 2,500 ಕಳೆದು ಉಳಿದದ್ದರಲ್ಲಿ ಶೇ. 40 ಎಂದರೆ ವೈದ್ಯರ ಪಾಲು 3,000. ಶೇ. 10 ಟಿಡಿಎಸ್ ಹಿಡಿದರೆ ಕೈಗೆ 2,700. ತಿಂಗಳಿಗೆ 60,000 ದುಡಿಯುವವರಿಗೆ ವರ್ಷಕ್ಕೆ 72,000 ರೂಪಾಯಿ ಹೀಗೆ ಮುರಿದುಹೋಗುತ್ತದೆ. ‘ತೆರಿಗೆ ಹಿಡಿದಾಯಿತಲ್ಲ’ ಎಂದು ರಿಟರ್ನ್ ಸಲ್ಲಿಸದೆ ಕೂತರೆ ನಷ್ಟ ಅಲ್ಲೇ. 2025-26ರ ಲೆಕ್ಕಕ್ಕೆ ಅನ್ವಯಿಸುವ ಸೆಕ್ಷನ್ 44ಎಡಿಎ ಪ್ರಕಾರ ವೃತ್ತಿನಿರತರು ಒಟ್ಟು ಗಳಿಕೆಯ ಅರ್ಧವನ್ನು ಮಾತ್ರ ಆದಾಯವೆಂದು ತೋರಿಸಬಹುದು. 7.2 ಲಕ್ಷ ಗಳಿಕೆಗೆ ಅದು 3.6 ಲಕ್ಷ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ಆ 72,000 ಪೂರ್ತಿ ವಾಪಸ್ ಬರಬೇಕಾದ ದುಡ್ಡು. ಗಡುವು ದಾಟಿದ ಮೇಲೆ ಹಾಕುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರಿಫಂಡ್ ಕೇಳುವಂತಿಲ್ಲ.

ಹಿಂದಿನ ವರ್ಷ ಒಟ್ಟು ಗಳಿಕೆ 50 ಲಕ್ಷ ದಾಟದ, ಒಬ್ಬರದೇ ಮಾಲೀಕತ್ವದ ಕ್ಲಿನಿಕ್ ಟಿಡಿಎಸ್ ಹಿಡಿಯಬೇಕಿಲ್ಲ. ಆಗ ಹೊಣೆಯೆಲ್ಲ ವೈದ್ಯರ ಮೇಲೆ. ವರ್ಷದ ತೆರಿಗೆ 10,000 ಮುಟ್ಟಿದರೆ ಮಾರ್ಚ್ 15ರೊಳಗೆ ಮುಂಗಡವಾಗಿ ಕಟ್ಟಬೇಕು, ತಪ್ಪಿದರೆ ಬಡ್ಡಿ. ನಗದಿನಲ್ಲೋ ಯುಪಿಐಯಲ್ಲೋ ಬಂದದ್ದು ಯಾರ ಕಣ್ಣಿಗೂ ಬೀಳದು ಎಂಬ ಧೈರ್ಯ ಬೇಡ. 2025ರಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ದಾಖಲೆ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಲಿ. ಅದು ಜಿಎಸ್‌ಟಿಯ ವಿಷಯ, ಹಲ್ಲಿನ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಆದರೆ ಹಣ ಬಿಟ್ಟುಹೋಗುವ ಜಾಡು ಒಂದೇ.

ಇದಕ್ಕಿಂತ ದೊಡ್ಡ ಪೆಟ್ಟು ತೆರಿಗೆಯ ಹೊರಗಿದೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಒಂದೇ ಕುರ್ಚಿಯಲ್ಲಿ, ಮಾಲೀಕರು ಹೇಳಿದ ಸಮಯಕ್ಕೆ, ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿದ ಹಣಕ್ಕೆ ದುಡಿದರೂ ಕಾಗದದಲ್ಲಿ ‘ಕನ್ಸಲ್ಟೆಂಟ್’ ಎಂದು ಬರೆದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಗರ್ಭಿಣಿಯಾದ ವೈದ್ಯೆಗೆ ಕಾಯ್ದೆ ಉದ್ಯೋಗಿಗಳಿಗೆ ಕೊಡುವ 26 ವಾರಗಳ ವೇತನಸಹಿತ ರಜೆಯೂ ಇಲ್ಲ. ರಿಟರ್ನ್ ಕೂಡ ಇಲ್ಲದಿದ್ದರೆ ಮುಂದೆ ಸ್ವಂತ ಕ್ಲಿನಿಕ್‌ಗೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ತೋರಿಸಲು ಏನೂ ಇರುವುದಿಲ್ಲ.

ಪರ್ಸೆಂಟೇಜ್, ಲ್ಯಾಬ್ ಕಡಿತ, ಹಣ ಕೊಡುವ ದಿನಾಂಕ ಮೂರನ್ನೂ ಬರವಣಿಗೆಯಲ್ಲಿ ಕೇಳಿ, ಹಣವನ್ನು ಬ್ಯಾಂಕಿಗೇ ಹಾಕಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಟಿಡಿಎಸ್ ದಾಖಲೆ ತೆರೆದು ನೋಡಿ. ಹಿಡಿದ ಟಿಡಿಎಸ್ ಅಲ್ಲಿ ಕಾಣದಿದ್ದರೆ ಕ್ಲಿನಿಕ್ಕಿನವರನ್ನು ಆಗಲೇ ವಿಚಾರಿಸಿ.