ಎರೆಹೊಲದ ಪರ್ಯಾಯ ಬೆಳೆ: ಸಂಶೋಧನೆಯ ಹಣವೂ ಅದರ ಅವಧಿಯೂ

ಬಹಮನಿ ಸುಲ್ತಾನರ ಗುಮ್ಮಟಗಳಿಂದ ಹೆಸರಾದ ಅಷ್ಟೂರು, ಅದರ ಪಕ್ಕದ ಬೀದರ್ ನಗರ, ಆಚೆಗಿನ ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳನ್ನು ಒಳಗೊಂಡ ಜಿಲ್ಲೆಯಲ್ಲಿ ಎರಡು ಬಗೆಯ ನೆಲವಿದ್ದು, ಪ್ರಸ್ಥಭೂಮಿಯ ಮೇಲ್ಭಾಗದಲ್ಲಿ ಜಂಬಿಟ್ಟಿಗೆಯ ಕೆಂಪುಮಣ್ಣೂ ಮಾಂಜ್ರಾ ನದಿಯ ಕಡೆಗೆ ಇಳಿದಂತೆ ತೇವವನ್ನು ಬಹುಕಾಲ ಹಿಡಿದಿಡುವ ಎರೆಮಣ್ಣೂ ಕಾಣಸಿಗುತ್ತವೆ. ಈ ಜಿಲ್ಲೆಯ ಮುಂಗಾರಿನಲ್ಲಿ ಇಂದು ಬಹುಪಾಲು ಹೊಲಗಳನ್ನು ಆವರಿಸಿಕೊಂಡಿರುವ ಸೋಯಾ ಅವರೆ ಇಲ್ಲಿನ ಪರಂಪರೆಯ ಬೆಳೆಯಲ್ಲ. ಉದ್ದು, ಹೆಸರು, ಜೋಳ ಬೆಳೆಯುತ್ತಿದ್ದ ನೆಲಕ್ಕೆ ಅದು ಪರ್ಯಾಯ ಬೆಳೆಯಾಗಿ ಬಂದು ಮುಖ್ಯ ಬೆಳೆಯಾಗಿ ನಿಂತಿತು.

ಈ ಬದಲಾವಣೆಯ ಹಿಂದೆ ದೀರ್ಘಕಾಲ ನಿಲ್ಲದೆ ಹರಿದ ಸರ್ಕಾರಿ ಹಣವಿದೆ. 1960ರ ದಶಕದ ಉತ್ತರಾರ್ಧದಲ್ಲಿ ಜಬಲ್‌ಪುರ ಮತ್ತು ಪಂತನಗರದ ಕೃಷಿ ವಿಶ್ವವಿದ್ಯಾಲಯಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ ಸೋಯಾ ಪ್ರಯೋಗಗಳನ್ನು ಕೈಗೊಂಡವು. 1967ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಈ ಬೆಳೆಗೆಂದೇ ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಯನ್ನು ಆರಂಭಿಸಿತು. ಮಧ್ಯ ಭಾರತದಿಂದ ಬೀದರಿನವರೆಗೆ ಹಬ್ಬಿದ ಜೆಎಸ್-335 ತಳಿ ಜಬಲ್‌ಪುರದಿಂದ ಬಿಡುಗಡೆಯಾದದ್ದು 1994ರಲ್ಲಿ, ಅಂದರೆ ಯೋಜನೆ ಆರಂಭವಾದ 27 ವರ್ಷಗಳ ಮೇಲೆ. ನಡುವೆ ಯಾವುದೋ ಒಂದು ವರ್ಷ ಫಲ ಕಾಣುತ್ತಿಲ್ಲವೆಂದು ಅನುದಾನ ನಿಂತಿದ್ದರೆ ಸೋಯಾ ಇಂದು ಈ ಹೊಲಗಳಲ್ಲಿ ಇರುತ್ತಿತ್ತೇ ಎಂಬುದು ಸಂಶಯ.

ಸಮನ್ವಯ ಯೋಜನೆಯಡಿ ರಾಜ್ಯದ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆಯುವ ಕೇಂದ್ರದ ವೆಚ್ಚದಲ್ಲಿ ನೂರಕ್ಕೆ 75 ಪಾಲನ್ನು ಪರಿಷತ್ತೂ 25 ಪಾಲನ್ನು ರಾಜ್ಯವೂ ಭರಿಸುತ್ತವೆ. ಒಂದೇ ತಳಿಯನ್ನು ಬೇರೆ ಬೇರೆ ಮಣ್ಣು, ಮಳೆಯ ಪ್ರದೇಶಗಳಲ್ಲಿ ಏಕಕಾಲಕ್ಕೆ ಬಿತ್ತಿ ಹೋಲಿಸುವುದು ಇದರ ತಿರುಳು. ಇದಕ್ಕಿಂತ ಭಿನ್ನವಾದದ್ದು 2007ರಲ್ಲಿ ಆರಂಭವಾದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಂಥ ಕಾರ್ಯಕ್ರಮಗಳ ಹಣ, ಏಕೆಂದರೆ ಅದು ನಿಗದಿತ ಕೆಲಸಕ್ಕೆ ನಿಗದಿತ ಅವಧಿಗೆ ಮಾತ್ರ ದೊರೆಯುತ್ತದೆ. ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ನೀಡಲೆಂದು ಕರ್ನಾಟಕ ಸರ್ಕಾರ ರೂಪಿಸಿದ ‘ರೈತಸಿರಿ’ಯಂಥ ಪ್ರೋತ್ಸಾಹಧನ ಇವೆರಡಕ್ಕೂ ಸೇರದು, ಅದು ಬೆಳೆಗಾರನಿಗೆ ಧೈರ್ಯ ಕೊಡುತ್ತದೆಯೇ ಹೊರತು ಬೆಳೆಯ ದೋಷವನ್ನು ತಿದ್ದುವುದಿಲ್ಲ.

ದೋಷ ತಿದ್ದಲು ಹಿಡಿಯುವ ಕಾಲ ದೊಡ್ಡದು. ಎರಡು ತಳಿಗಳನ್ನು ಸಂಕರಗೊಳಿಸಿದ ಮೇಲೆ ಗುಣಗಳು ಸ್ಥಿರವಾಗಲು ಆರೇಳು ಪೀಳಿಗೆ ಬೇಕು; ಅನಂತರ ಮೂರು ವರ್ಷ ಬಹುಸ್ಥಳ ಪರೀಕ್ಷೆ. ಹೊಲದ ಒಂದು ಮೂಲೆಯಲ್ಲಿ ಮಣ್ಣು ಆಳವಿದ್ದು ಇನ್ನೊಂದರಲ್ಲಿ ನೀರು ನಿಲ್ಲಬಹುದಾದ್ದರಿಂದ, ನೆಲವನ್ನು ಸಣ್ಣ ತಾಕುಗಳಾಗಿ ವಿಂಗಡಿಸಿ, ಪ್ರತಿ ತಳಿಗೂ ಚೀಟಿ ಎತ್ತಿದಂತೆ ಮೂರು ನಾಲ್ಕು ತಾಕುಗಳನ್ನು ಹಂಚಿ, ಪಕ್ಕದಲ್ಲೇ ರೂಢಿಯ ತಳಿಯನ್ನೂ ಬಿತ್ತುತ್ತಾರೆ; ಅಂಚಿನ ಸಾಲುಗಳಿಗೆ ಬಿಸಿಲು, ಗಾಳಿ ಹೆಚ್ಚು ಸಿಗುವುದರಿಂದ ಅವುಗಳ ಫಸಲನ್ನು ತೂಕಕ್ಕೆ ಸೇರಿಸುವುದಿಲ್ಲ. ಕಳೆ, ಕೊಯ್ಲು, ರಾಶಿ, ತೂಕ ಎಲ್ಲವೂ ತಾಕು ತಾಕಿಗೆ ಪ್ರತ್ಯೇಕವಾಗಿ ನಡೆಯಬೇಕಾದ ಕಾರಣ ಅನುದಾನದ ಗಣನೀಯ ಭಾಗ ಕೂಲಿಗೇ ವೆಚ್ಚವಾಗುತ್ತದೆ, ಮತ್ತು ಒಂದು ಹಂಗಾಮಿನಲ್ಲಿ ಹಣ ತಡವಾಗಿ ಬಂದರೆ ಇಡೀ ವರ್ಷದ ಮಾಹಿತಿ ಕೈತಪ್ಪುತ್ತದೆ. 2008ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಬೀದರ್ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಬಿಡಿಯು-1 ಉದ್ದು, ಬಿಜಿಎಸ್-9 ಹೆಸರು ತಳಿಗಳು ಇಂಥ ಶ್ರಮದ ಫಲ.

ಸೋಯಾ ಒಂದನ್ನೇ ನೆಚ್ಚಿಕೊಂಡ ನೆಲದಲ್ಲಿ ಹಳದಿ ನಂಜುರೋಗ, ತುಕ್ಕುರೋಗ, ಶಂಖದ ಹುಳುಗಳ ಕಾಟ ಒಟ್ಟಿಗೆ ಎರಗಿದಾಗ ರೈತನಿಗೆ ಬೇರೆ ದಾರಿ ಬೇಕಾಗುತ್ತದೆ. ಆ ದಾರಿಗಳಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದದ್ದು ಈ ಭಾಗಕ್ಕೆ ಪರಿಚಿತವಾದ ಕುಸುಬೆ. ಹಿಂಗಾರಿನಲ್ಲಿ ಮಳೆಯಿಲ್ಲದಿದ್ದರೂ ಅದರ ತಾಯಿಬೇರು ಎರೆಮಣ್ಣಿನ ಆಳದ ತೇವವನ್ನು ಹೀರಿ ಗಿಡವನ್ನು ನಿಲ್ಲಿಸುತ್ತದೆ, ಅದರ ಎಣ್ಣೆಯಲ್ಲಿ ದೇಹ ತಾನೇ ತಯಾರಿಸಿಕೊಳ್ಳಲಾರದ ಲಿನೋಲಿಕ್ ಆಮ್ಲ ಹೇರಳವಾಗಿದೆ. ಹೀಗಿದ್ದೂ 1980ರ ದಶಕದ ಕೊನೆಯಲ್ಲಿ ದೇಶದಲ್ಲಿ ಸುಮಾರು 10 ಲಕ್ಷ ಹೆಕ್ಟೇರಿನಷ್ಟಿದ್ದ ಕುಸುಬೆ ಈಗ 1 ಲಕ್ಷ ಹೆಕ್ಟೇರಿಗಿಂತ ಕೆಳಗಿಳಿದಿದೆ. ಸಸ್ಯಹೇನಿನ ಬಾಧೆ, ಕಡಿಮೆ ಇಳುವರಿಗಳ ಜೊತೆಗೆ ಮುಳ್ಳೂ ಇದಕ್ಕೆ ಕಾರಣ: ಎಲೆಯ ಅಂಚಿನಲ್ಲೂ ಹೂವಿನ ಬುಡದಲ್ಲೂ ಇರುವ ಮುಳ್ಳು ಒಣಗಿದ ಮೇಲೆ ಸೂಜಿಯಷ್ಟು ಗಡುಸಾಗುವುದರಿಂದ, ಇಬ್ಬನಿಗೆ ಅದು ಮೆತ್ತಗಾಗಿರುವ ನಸುಕಿನಲ್ಲೇ ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಕೊಯ್ಯಬೇಕಾಗುತ್ತದೆ, ಇಂಥ ಕೆಲಸಕ್ಕೆ ಆಳು ಸಿಗುವುದು ದುರ್ಲಭ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆ ನಾರಿ-6 ಎಂಬ ಮುಳ್ಳಿಲ್ಲದ ತಳಿಯನ್ನು ನೀಡಿದೆಯಾದರೂ, ಸಾಮಾನ್ಯವಾಗಿ ಎಣ್ಣೆ ಹೆಚ್ಚಿರುವುದು ಮುಳ್ಳಿನ ತಳಿಗಳಲ್ಲೇ ಆದ್ದರಿಂದ ಎರಡು ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸುವುದು ತಳಿವಿಜ್ಞಾನಿಯ ಮುಂದಿರುವ ನಿಜವಾದ ಸವಾಲು.

ಇದು ಅಸಾಧ್ಯವಲ್ಲವೆಂಬುದಕ್ಕೆ ಕೆನಡಾದ ಕನೋಲ ಸಾಕ್ಷಿ. ಸಾಸಿವೆಯ ಬಳಗಕ್ಕೆ ಸೇರಿದ ಈ ಬೆಳೆಯ ಎಣ್ಣೆಯಲ್ಲಿದ್ದ ಎರುಸಿಕ್ ಆಮ್ಲವನ್ನೂ ಹಿಂಡಿಯಲ್ಲಿದ್ದ ಕಹಿ ಅಂಶಗಳನ್ನೂ ತಗ್ಗಿಸಲು ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸ್ಟೆಫಾನ್ಸನ್ ಮತ್ತು ಸರ್ಕಾರಿ ಪ್ರಯೋಗಾಲಯದ ಕೀತ್ ಡೌನಿ ಸಾರ್ವಜನಿಕ ಹಣದ ಬಲದಿಂದ ವರ್ಷಾನುಗಟ್ಟಲೆ ದುಡಿದ ಫಲವಾಗಿ, 1974ರಲ್ಲಿ ಎರಡೂ ದೋಷಗಳು ತಗ್ಗಿದ ಮೊದಲ ತಳಿ ಹೊರಬಂದಿತು.

ಭಾರತದಲ್ಲಿ ಅಷ್ಟಾಗಿ ಬಳಕೆಗೆ ಬಾರದ ಬೆಳೆಗಳಿಗೆಂದೇ 1982ರಲ್ಲಿ ಸಮನ್ವಯ ಯೋಜನೆಯೊಂದು ಹುಟ್ಟಿಕೊಂಡಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಸುವರ್ಣ’ ಎಂಬ ಕಾಳುದಂಟಿನ ತಳಿ ಆ ಸಾಲಿಗೆ ಸೇರುತ್ತದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ 10,103 ಕೋಟಿ ರೂಪಾಯಿಯ ಎಣ್ಣೆಕಾಳು ಅಭಿಯಾನಕ್ಕೆ ಒಪ್ಪಿಗೆ ನೀಡಿದಾಗ ಮುಖ್ಯ ಬೆಳೆಗಳೆಂದು ಹೆಸರಿಸಿದ್ದು ಸಾಸಿವೆ, ಶೇಂಗಾ, ಸೋಯಾ, ಸೂರ್ಯಕಾಂತಿ, ಎಳ್ಳುಗಳನ್ನು. ಈಗಾಗಲೇ ನೆಲೆಯೂರಿದ ಬೆಳೆಗೆ ಹಣ ತಾನಾಗಿ ಹರಿದುಬರುತ್ತದೆ, ನೆಲೆ ಬೇಕಾದ ಬೆಳೆ ಹೊರಗುಳಿಯುತ್ತದೆ. ಮುಂಗಾರಿನ ಸೋಯಾ ಅಥವಾ ಉದ್ದನ್ನು ಕೊಯ್ದು ಉಳಿದ ತೇವದ ಮೇಲೆ ಕುಸುಬೆ ಬಿತ್ತಲು ಔರಾದ್, ಭಾಲ್ಕಿಯ ಎರೆಹೊಲಗಳು ತಕ್ಕವಾಗಿದ್ದು, ಅದಕ್ಕೆ ಒಪ್ಪುವ ಮುಳ್ಳಿಲ್ಲದ, ಎಣ್ಣೆಭರಿತ ತಳಿಯನ್ನು ಬೀದರಿನಲ್ಲೇ ಆರಿಸಿ ಪರೀಕ್ಷಿಸುವ ಕೆಲಸಕ್ಕೆ ಮೂರು ವರ್ಷದ ಯೋಜನೆ ಸಾಲದು. ಕನಿಷ್ಠ ಹತ್ತು ಹಿಂಗಾರುಗಳಿಗೆ, ಬಿತ್ತನೆಗೆ ಮೊದಲೇ ಕೈಸೇರುವಂತೆ ಅನುದಾನ ಮಂಜೂರಾಗಬೇಕು.