ಪುಸ್ತಕ ಮುಚ್ಚಿ ಸ್ಟಾರ್ ಡೆಲ್ಟಾ ಬರೆ

ಕಬ್ಬಿನ ಗದ್ದೆಯ ಬದುವಿನ ಮೇಲಿರುವ ಐದು ಎಚ್‌ಪಿ ಮೋಟಾರಿಗೆ ಸ್ಟಾರ್ಟರ್ ಕಟ್ಟುವುದು ಕಿರುಗಾವಲು ಹೋಬಳಿಯ ವೈರಿಂಗ್ ಹುಡುಗರಿಗೆ ಕಷ್ಟದ ಕೆಲಸವಲ್ಲ. ಮೋಟಾರು ಉಲ್ಟಾ ತಿರುಗಿದರೆ ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಬೇಕೆಂಬುದು ಅವರ ಕೈಗೇ ಗೊತ್ತು. ಅದೇ ಹುಡುಗನ ಮುಂದೆ ಬಿಳಿ ಹಾಳೆ ಇಟ್ಟು, ‘ಮೂರು ಫೇಸಿನ ಮೋಟಾರಿನ ಹೊರಮೈಗೆ ಎಷ್ಟು ಅರ್ತಿಂಗ್ ಕೊಡಬೇಕು, ಯಾಕೆ?’ ಎಂದು ಕೇಳಿದರೆ ‘ಎರಡು’ ಎಂದು ಬರೆದು ಪೆನ್ನು ನಿಂತುಬಿಡುತ್ತದೆ.

ವೈರ್‌ಮನ್ ಪರ್ಮಿಟ್ ಪರೀಕ್ಷೆಯ ತಯಾರಿ ಶುರುವಾಗುವುದೇ ಪೆನ್ನು ನಿಂತ ಆ ಜಾಗದಿಂದ.

ಉತ್ತರ ಅವನ ಕಣ್ಣೆದುರೇ ಇದೆ. ಆಲೆಮನೆಯ ಗಾಣದ ಮೋಟಾರಿನ ಸುತ್ತ ನೆಲ ಸದಾ ಒದ್ದೆ. ಕಬ್ಬಿನ ಹಾಲು, ನೀರು, ಬರಿಗಾಲು. ಅರ್ತ್ ವೈರೊಂದು ತುಕ್ಕು ಹಿಡಿದು ಕಡಿದುಹೋದರೆ ಮೇಲೆ ಯಾರಿಗೂ ತಿಳಿಯುವುದಿಲ್ಲ, ಮೋಟಾರು ಓಡುತ್ತಲೇ ಇರುತ್ತದೆ. ಎರಡನೆಯದು ಬೇರೆಯೇ ದಾರಿಯಲ್ಲಿ ನೆಲ ಮುಟ್ಟಿದ್ದರೆ ಸೋರಿದ ಕರೆಂಟು ಅದರ ಮೂಲಕ ಇಳಿಯುತ್ತದೆ, ಗಾಣಕ್ಕೆ ಕಬ್ಬು ಕೊಡುವವನ ಮೈ ಮೂಲಕ ಅಲ್ಲ. ಅದಕ್ಕೇ ನಿಯಮ ‘ಎರಡು ಪ್ರತ್ಯೇಕ ಜೋಡಣೆ’ ಎಂದು ಒತ್ತಿ ಹೇಳುತ್ತದೆ.

ಕರ್ನಾಟಕದಲ್ಲಿ ಈ ಪರ್ಮಿಟ್‌ಗಳ ವ್ಯವಹಾರ ವಿದ್ಯುತ್ ಪರಿವೀಕ್ಷಣಾಲಯದ್ದು. ಮೆಟ್ಟಿಲು ಮೂರು: ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್. 1956ರ ಭಾರತೀಯ ವಿದ್ಯುತ್ ನಿಯಮಗಳು ಹೋಗಿ, 2003ರ ವಿದ್ಯುತ್ ಕಾಯ್ದೆಯ ಅಡಿಯಲ್ಲಿ 2010ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು. ವೈರಿಂಗ್ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರಿಂದ, ಅರ್ಹತಾ ಪತ್ರ ಇರುವವರ ಉಸ್ತುವಾರಿಯಲ್ಲೇ ನಡೆಯಬೇಕೆಂಬ ಮೂಲ ಕಟ್ಟಳೆ ಮಾತ್ರ ಉಳಿದು ಬಂದಿದೆ. ಮಂಡ್ಯ ಜಿಲ್ಲೆಗೆ ಕರೆಂಟು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್‌ನಲ್ಲಿ ಹೊಸ ಮನೆಗೆ ಮೀಟರ್ ಕೇಳಲು ಹೋದವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ: ವೈರಿಂಗ್ ಮುಗಿದ ವರದಿಯ ಮೇಲೆ ಲೈಸೆನ್ಸ್ ಇದ್ದವರ ಸಹಿಯೇ ಬೇಕು. ಗೋಡೆ ಕೊರೆದು, ಪೈಪ್ ಹೂತು, ವೈರ್ ಎಳೆದವನ ಹೆಸರು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಹತ್ತು ವರ್ಷ ಹೆಲ್ಪರ್ ಆಗಿ ದುಡಿದವನು ಮತ್ತೆ ಪುಸ್ತಕ ಹಿಡಿಯುವುದು ಆ ಹೆಸರಿಗಾಗಿ.

ಕಿರುಗಾವಲು ಸೇರಿದ ಮಳವಳ್ಳಿ ತಾಲ್ಲೂಕಿನಲ್ಲಿ ಕರೆಂಟಿನ ಕಸುಬಿಗೆ ದೊಡ್ಡ ಹಿನ್ನೆಲೆಯಿದೆ. ಇದೇ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರದಿಂದ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ಲೈನ್ ಅಂದಿನ ಜಗತ್ತಿನ ಅತಿ ಉದ್ದದವುಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿದ್ದೂ ಇಲ್ಲಿನ ನೀರಿನ ಬಲದಿಂದಲೇ. 1940ರಲ್ಲಿ ಶಿಂಷಾ ಕೇಂದ್ರ ಸೇರಿತು. ಸುತ್ತಲಿನ ಹಳ್ಳಿಗಳ ಮನೆಗೆ, ಗದ್ದೆಗೆ ಕರೆಂಟು ಬಂದದ್ದು ಬಹಳ ತಡವಾಗಿ. ಬಂದ ಮೇಲೆ ಪಂಪ್‌ಸೆಟ್ ಕೆಲಸ ಊರೂರಿಗೂ ಹಬ್ಬಿತು. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ವಿದ್ಯುತ್ ಉಚಿತ; ಅದನ್ನು ಕೂರಿಸುವ, ಕೆಟ್ಟಾಗ ಬಿಚ್ಚುವ ಕೈಗಳಿಗೆ ವರ್ಷವಿಡೀ ಕೆಲಸ.

ಪರೀಕ್ಷೆಗೆ ಕೂರುವವರನ್ನು ಹೆದರಿಸುವುದು ಅಂಕಿಗಳು. ಪುಸ್ತಕ ಒಳಗೆ ಬಿಡುವುದಿಲ್ಲವಾದ್ದರಿಂದ ಅವು ತಲೆಯಲ್ಲೇ ಇರಬೇಕು. ಬರೀ ಅಂಕಿಯಾಗಿ ಓದಿದರೆ ವಾರದಲ್ಲಿ ಮರೆತುಹೋಗುತ್ತವೆ. ಊರಿನ ವಸ್ತುವಿಗೆ ಕಟ್ಟಿದರೆ ಉಳಿಯುತ್ತವೆ.

ಉದಾಹರಣೆಗೆ, ಮನೆಗಳಿಗೆ ಹೋಗುವ ಲೈನ್ ರಸ್ತೆ ದಾಟುವಲ್ಲಿ ನೆಲದಿಂದ 5.8 ಮೀಟರ್ ಮೇಲಿರಬೇಕು, ರಸ್ತೆಯುದ್ದಕ್ಕೂ ಸಾಗುವಲ್ಲಿ 5.5, ಉಳಿದೆಡೆ ಬರಿಯ ತಂತಿಯಾದರೆ 4.6. ಹಳಬರ ಲೆಕ್ಕದಲ್ಲಿ 19, 18, 15 ಅಡಿ. ಮೊದಲನೆಯದಕ್ಕೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರನ್ನು ನೆನೆದರೆ ಸಾಕು. ಕಬ್ಬಿನ ಹೊರೆಯ ಮೇಲೆ ಆಳೊಬ್ಬ ಕೂತಿದ್ದರೆ ಅವನ ತಲೆ ಎಲ್ಲಿರುತ್ತದೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಲೈಟಿಂಗ್ ಸರ್ಕ್ಯೂಟ್ ಒಂದಕ್ಕೆ 10 ಪಾಯಿಂಟ್ ಅಥವಾ 800 ವ್ಯಾಟ್ ಮಿತಿ, ಪವರ್ ಸರ್ಕ್ಯೂಟಿಗೆ ಎರಡು ಸಾಕೆಟ್: ಇವು ದಿನವೂ ಕೈಯಾಡುವ ಲೆಕ್ಕ. ಇನ್ಸುಲೇಷನ್ ಅಳೆಯುವ ಮೆಗ್ಗರ್‌ನದು ಸ್ವಲ್ಪ ತೊಡಕು. ವೈರಿಂಗಿನ ಇನ್ಸುಲೇಷನ್ ಎಷ್ಟು ಮೆಗಾ ಓಮ್ ಇರಬೇಕೆಂದು ತಿಳಿಯಲು 50ನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಬೇಕು. ನೂರು ಪಾಯಿಂಟಿನ ಕಲ್ಯಾಣ ಮಂಟಪವಾದರೆ ಅರ್ಧ ಮೆಗಾ ಓಮ್. ಇಪ್ಪತ್ತೈದು ಪಾಯಿಂಟಿನ ಮನೆಗೆ ಎರಡು ಬಂದರೂ ಒಂದಿದ್ದರೆ ಸಾಕು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೊನೆಯ ಈ ಮಾತನ್ನು ಬಿಟ್ಟು ಲೆಕ್ಕ ಮಾಡಿದವರೇ ಅಂಕ ಕಳೆದುಕೊಳ್ಳುವುದು.

ಅರ್ತಿಂಗ್ ಗುಂಡಿಗೂ ಅಳತೆಯಿದೆ. ಪ್ಲೇಟ್ ಹಾಕುವುದಾದರೆ 60 ಸೆಂಟಿಮೀಟರ್ ಚೌಕ, ತಾಮ್ರವಾದರೆ 3.15 ಮಿಲಿಮೀಟರ್ ದಪ್ಪ, ಜಿಐ ಆದರೆ 6.3. ಪ್ಲೇಟಿನ ಮೇಲಂಚು ನೆಲದಿಂದ ಒಂದೂವರೆ ಮೀಟರ್ ಕೆಳಗಿರಬೇಕು. ಇದ್ದಿಲು, ಉಪ್ಪು ಯಾಕೆ ಎಂಬುದು ಮುಂದಿನ ಪ್ರಶ್ನೆ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಆ ತೇವದಲ್ಲಿ ಕರಗಿ ಕರೆಂಟಿಗೆ ದಾರಿ ಸಲೀಸು ಮಾಡುತ್ತದೆ. ನಾಲೆಯ ನೀರು ನಿಲ್ಲುವ ಗದ್ದೆಯ ಮಣ್ಣಿಗೂ ಬೇಸಿಗೆಯ ಒಣ ಹೊಲಕ್ಕೂ ಇರುವ ವ್ಯತ್ಯಾಸ ಬಲ್ಲ ರೈತನ ಮಗನಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಎಲ್ಲ ದೇಶಗಳಲ್ಲೂ ಪರೀಕ್ಷೆ ಹೀಗೇ ಇಲ್ಲ. ಬ್ರಿಟನ್ನಿನ ವೈರಿಂಗ್ ನಿಯಮಗಳ 18ನೇ ಆವೃತ್ತಿಯ ಪರೀಕ್ಷೆಗೆ ನಿಯಮದ ಪುಸ್ತಕವನ್ನು ತೆಗೆದುಕೊಂಡೇ ಹೋಗಬಹುದು. ಎರಡು ಗಂಟೆ, 60 ಪ್ರಶ್ನೆ. ಅಮೆರಿಕದ ಹಲವು ರಾಜ್ಯಗಳಲ್ಲೂ ಕೋಡ್ ಪುಸ್ತಕ ತೆರೆದಿಟ್ಟುಕೊಂಡೇ ಬರೆಯುತ್ತಾರೆ. ದಪ್ಪ ಪುಸ್ತಕದಲ್ಲಿ ಬೇಕಾದ ಪುಟವನ್ನು ಬೇಗ ಹುಡುಕುವ ಚಾಕಚಕ್ಯತೆ ಅಲ್ಲಿ ಬೇಕು. ಅದೂ ನಿಜವಾದ ಕೌಶಲವೇ. ಆದರೆ ಮಳೆಗಾಲದ ರಾತ್ರಿ ಪಂಪ್‌ಹೌಸಿನಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿ ನಿಂತವನ ಬಳಿ ಪುಟ ತಿರುವಲು ಬಿಡುವಿಲ್ಲ. ಲೈನ್ ಮುಟ್ಟುವ ಮೊದಲು ಲೈನ್ ಕ್ಲಿಯರ್ ಸಿಕ್ಕಿದೆಯೇ, ಸಪ್ಲೈ ನಿಜಕ್ಕೂ ನಿಂತಿದೆಯೇ, ತಾತ್ಕಾಲಿಕ ಅರ್ತ್ ಹಾಕಿದ್ದಾಗಿದೆಯೇ ಎಂಬುದೆಲ್ಲ ನೆನಪಿನಿಂದಲೇ ಬರಬೇಕು. ದೇಶದಲ್ಲಿ ಕರೆಂಟು ಹೊಡೆದು ಸಾಯುವವರು ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಈಚಿನ ವರದಿಗಳು ಹೇಳುತ್ತವೆ.

ಹಾಗಾದರೆ ಓದುವುದು ಹೇಗೆ? 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳನ್ನು ಎರಡು ಬಗೆಯಲ್ಲಿ ಓದಿಸಿ ನೋಡಿದರು. ಕೆಲವರು ಪಾಠವನ್ನೇ ಮತ್ತೆ ಮತ್ತೆ ಓದಿದರು, ಉಳಿದವರು ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಕಳೆದು ಕೇಳಿದಾಗ ಮುಚ್ಚಿ ಬರೆದವರ ನೆನಪೇ ಗಟ್ಟಿಯಾಗಿತ್ತು. ಐಟಿಐ ಹುಡುಗರು ಓದುವ ಚೆನ್ನೈನ ‘ನಿಮಿ’ ಸಂಸ್ಥೆಯ ಪುಸ್ತಕಗಳಾಗಲಿ, ಹಳೆಯ ಪ್ರಶ್ನೆಪತ್ರಿಕೆಗಳಾಗಲಿ, ಬಳಕೆಗೆ ಬರುವುದು ಹೀಗೆ ಮುಚ್ಚಿದಾಗಲೇ. ಮೆಟ್ಟಿಲಿನ ಟೂ ವೇ ಸ್ವಿಚ್, ಗೋಡೌನ್ ವೈರಿಂಗ್, ಡಿಒಎಲ್ ಸ್ಟಾರ್ಟರ್, ಸ್ಟಾರ್ ಡೆಲ್ಟಾ: ಈ ನಾಲ್ಕು ಚಿತ್ರಗಳನ್ನು ನೋಡದೆ ಬರೆಯಲು ಬಂದರೆ ಅರ್ಧ ಭಯ ಇಳಿಯುತ್ತದೆ.

ಸ್ಟಾರ್ ಡೆಲ್ಟಾದಲ್ಲೇ ಬಹಳ ಮಂದಿ ಎಡವುವುದು. ಆರು ವೈರು, ಮೂರು ಕಾಂಟ್ಯಾಕ್ಟರ್, ಒಂದು ಟೈಮರ್. ಮೊದಲು ಸ್ಟಾರ್‌ನಲ್ಲಿ ಹೊರಟಾಗ ಮೋಟಾರು ಲೈನಿನಿಂದ ಎಳೆಯುವ ಕರೆಂಟು ಡೆಲ್ಟಾದಲ್ಲಿ ಎಳೆಯುವುದರ ಮೂರನೇ ಒಂದು ಭಾಗ. ಹಾಗಾಗಿ ಹೊರಡುವಾಗ ಟ್ರಾನ್ಸ್‌ಫಾರ್ಮರ್ ಮೇಲೆ ಅಷ್ಟು ಭಾರ ಬೀಳುವುದಿಲ್ಲ, ಪಕ್ಕದ ಗದ್ದೆಯ ಮೋಟಾರು ಮುಗ್ಗರಿಸುವುದಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಕೆಲಸ ಮುಗಿದ ಸಂಜೆ ಈ ಅಭ್ಯಾಸಕ್ಕೆ ಹಲಗೆಯೂ ಬೇಕಾಗುವುದಿಲ್ಲ. ಸ್ವಿಚ್ ಬಂದ ರಟ್ಟಿನ ಡಬ್ಬ ಬಿಚ್ಚಿ ಹಾಸಿದರೆ ಒಳಮೈ ಪೂರ್ತಿ ಬಿಳಿ. ‘ಬರಿಯಲಾ ನೋಡಾನ’ ಎಂದು ಮೇಸ್ತ್ರಿ ಟೆಸ್ಟರ್ ಬದಿಗಿಟ್ಟು ಕೂರುತ್ತಾನೆ. ಹುಡುಗ ಆರ್, ವೈ, ಬಿ ಎಂದು ಮೂರು ಗೆರೆ ಎಳೆಯುತ್ತಾನೆ, ಮುಖ್ಯ ಕಾಂಟ್ಯಾಕ್ಟರ್ ಬರೆಯುತ್ತಾನೆ, ಡೆಲ್ಟಾದ ಕೊನೆಯ ಜೋಡಣೆಯಲ್ಲಿ ತಡೆದು ಯೋಚಿಸುತ್ತಾನೆ. ಆಮೇಲೆ ಯಾರೂ ಹೇಳದೆಯೇ ಮೋಟಾರಿನ ಬಾಡಿಯಿಂದ ಹಸಿರು ಗೆರೆ ಎರಡು ಎಳೆದು, ಎರಡನ್ನೂ ಬೇರೆ ಬೇರೆ ಗುಂಡಿಗೆ ಇಳಿಸುತ್ತಾನೆ.