ದುಬೈನಲ್ಲಿ ಮನೆ ಕೊಂಡರೆ ದುಬೈಯವರಾಗುವುದಿಲ್ಲ

ಕರಾವಳಿಯ ಮದುವೆ ಊಟದ ಪಂಕ್ತಿಯಾಗಲಿ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಸಂಜೆ ವಾಕಿಂಗಾಗಲಿ, ದುಬೈ ಮಾತು ಬಂದರೆ ಯಾರಾದರೊಬ್ಬರು ಇದನ್ನು ಹೇಳಿಯೇ ತೀರುತ್ತಾರೆ: "ಅಲ್ಲಿ ಒಂದು ಫ್ಲಾಟ್ ತಗೊಂಡ್ರೆ ಸಾಕಂತೆ. ಗೋಲ್ಡನ್ ವೀಸಾ ಕೊಡ್ತಾರೆ, ಜೀವನಪೂರ್ತಿ ಅಲ್ಲೇ ಇರಬಹುದು, ಆಮೇಲೆ ಸಿಟಿಜನ್‌ಶಿಪ್ಪೂ ಆಗತ್ತೆ." ಇಷ್ಟು ಪುಟ್ಟ ಮಾತಿನಲ್ಲಿ ಮೂರು ತಪ್ಪುಗಳು. ಹೇಳುವವರ ಧಾಟಿ ಮಾತ್ರ ಯುಎಇ ಸಂಪುಟ ಸಭೆಯಿಂದ ಈಗಷ್ಟೇ ಎದ್ದು ಬಂದವರದು.

ಮನೆಯ ಕಾಗದ ಬೇರೆ, ವಾಸದ ಕಾಗದ ಬೇರೆ. ಮನೆಯ ಕಾಗದದ ಬಗ್ಗೆ ನನ್ನ ತಕರಾರೇನೂ ಇಲ್ಲ. 2002ರಲ್ಲಿ ದುಬೈ ಈ ವಿಷಯದಲ್ಲಿ ವಿದೇಶಿಯರಿಗೆ ಬಾಗಿಲು ತೆರೆಯಿತು. 2006ರ 7ನೇ ಕಾನೂನು ಅದನ್ನು ಗಟ್ಟಿ ಮಾಡಿತು. ಮರೀನಾ, ಡೌನ್‌ಟೌನ್, ಪಾಮ್ ಜುಮೇರಾದಂಥ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಯಾವ ದೇಶದವರಾದರೂ ಫ್ರೀಹೋಲ್ಡ್ ಮನೆ ಕೊಳ್ಳಬಹುದು. ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್ ಕೊಡುವ ಟೈಟಲ್ ಡೀಡ್ ನಿಮ್ಮ ಹೆಸರಿನಲ್ಲೇ ಇರುತ್ತದೆ. ಮಾರಿ, ಬಾಡಿಗೆಗೆ ಕೊಡಿ, ಮಕ್ಕಳಿಗೆ ಬಿಡಿ. "ದುಬೈನಲ್ಲಿ ಅರಬ್ಬಿಯೊಬ್ಬನ ಹೆಸರಲ್ಲೇ ಕೊಳ್ಳಬೇಕು" ಎಂದು ಈಗಲೂ ತಲೆಯಾಡಿಸುವ ಹಿರಿಯರಿದ್ದಾರೆ. ಅವರ ಮಾಹಿತಿ ಇಪ್ಪತ್ತು ವರ್ಷ ಹಳತು, ಅಷ್ಟೆ.

ಆದರೆ ಆ ಡೀಡ್ ಕೊಡುವುದು ದುಬೈ ಎಂಬ ಎಮಿರೇಟು. ದೇಶದೊಳಗೆ ವಿದೇಶಿಯರು ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಇರಬೇಕೆಂದು ನಿಯಮ ಮಾಡುವುದು ಯುಎಇಯ ಒಕ್ಕೂಟ ಸರ್ಕಾರ. 2000ದ ದಶಕದ ಮೊದಲ ಭರಾಟೆಯಲ್ಲಿ ಬಿಲ್ಡರುಗಳು ಫ್ಲಾಟಿನ ಜೊತೆ ವೀಸಾವನ್ನೂ ಕಟ್ಟಿ ಮಾರುತ್ತಿದ್ದರು. 2008-09ರಲ್ಲಿ ಬೆಲೆ ಅರ್ಧಕ್ಕೆ ಕುಸಿದ ಹೊತ್ತಿಗೆ ಆ ಮಾತಿಗೆ ಎಷ್ಟು ಬೆಲೆ ಎಂಬುದೂ ಗೊತ್ತಾಯಿತು. 2009ರಲ್ಲಿ ಒಕ್ಕೂಟ ಸರ್ಕಾರ, ಹತ್ತು ಲಕ್ಷ ದಿರ್ಹಮ್ ಮೀರಿದ ಮನೆಯ ಮಾಲೀಕರಿಗೆ ಆರು ತಿಂಗಳ ವೀಸಾ ಎಂದಿತು. 2011ರಲ್ಲಿ ಆರು ತಿಂಗಳು ಮೂರು ವರ್ಷವಾಯಿತು. 2019ರಲ್ಲಿ ಗೋಲ್ಡನ್ ವೀಸಾ ಬಂದಾಗ 50 ಲಕ್ಷ ದಿರ್ಹಮಿನ ಆಸ್ತಿಗೆ ಐದು ವರ್ಷ. 2022ರ ಅಕ್ಟೋಬರಿನಿಂದ 20 ಲಕ್ಷ ದಿರ್ಹಮಿಗೆ ಹತ್ತು ವರ್ಷ. ಈ ಅವಧಿಯುದ್ದಕ್ಕೂ ಒಂದೇ ಫ್ಲಾಟಿನ ಮಾಲೀಕರಾಗಿರುವವರನ್ನು ನೆನೆಯಿರಿ. ಅವರ ಡೀಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ವೀಸಾ ನಿಯಮ ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಇತ್ತೀಚೆಗೆ ಉದಾರವಾಗಿಯೇ ಬದಲಾಗಿದೆ, ನಿಜ. ಆದರೆ ಪೋರ್ಚುಗಲ್ ಮನೆ ಕೊಂಡವರಿಗೆ ವಾಸದ ಪರವಾನಗಿ ಕೊಡುವ ದಾರಿಯನ್ನು 2023ರಲ್ಲಿ ಮುಚ್ಚಿತು, ಸ್ಪೇನ್ 2025ರ ಏಪ್ರಿಲ್‌ನಲ್ಲಿ. ಸರ್ಕಾರ ಕೊಡುವ ಸವಲತ್ತು ಸರ್ಕಾರದ್ದೇ.

ಇನ್ನು "ಒಂದು ಫ್ಲಾಟ್ ಸಾಕು" ಎಂಬ ಮಾತು. 20 ಲಕ್ಷ ದಿರ್ಹಮ್ ಎಂದರೆ ನಾಲ್ಕೂವರೆ ಕೋಟಿ ರೂಪಾಯಿಗೂ ಮೇಲೆ. ಸಂಬಳಕ್ಕೆ ದುಡಿಯುವವರ ಕೈಗೆಟುಕುವ ಸ್ಟುಡಿಯೋ ಮನೆ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಗೆರೆ ದಾಟಿದವರಿಗೆ ಸಿಗುವುದು ಹತ್ತು ವರ್ಷದ, ನವೀಕರಿಸಬಹುದಾದ ವೀಸಾ. ಅದು ಒಳ್ಳೆಯ ವೀಸಾ ಎನ್ನುವುದರಲ್ಲಿ ಅನುಮಾನವಿಲ್ಲ. ಸ್ಪಾನ್ಸರ್ ಬೇಕಿಲ್ಲ, ಕುಟುಂಬವನ್ನು ಕರೆಸಿಕೊಳ್ಳಬಹುದು, ಆರು ತಿಂಗಳು ದೇಶದ ಹೊರಗಿದ್ದರೆ ರದ್ದಾಗುವ ಭಯವೂ ಇಲ್ಲ. ಆದರೆ ಅದು ಆಸ್ತಿಗೆ ಕಟ್ಟಿದ ವೀಸಾ. ಆಸ್ತಿ ಕೈಬಿಟ್ಟರೆ ವೀಸಾದ ಆಧಾರವೂ ಹೋಯಿತು. ಅದಕ್ಕಿಂತ ಕಡಿಮೆ ಬೆಲೆಯ ಮನೆ ಕೊಂಡು ಕೆಲಸದ ವೀಸಾದಲ್ಲೇ ಮುಂದುವರಿದವರ ಪಾಡು ಇನ್ನೂ ಸ್ಪಷ್ಟ: ಕೆಲಸ ಹೋದರೆ ನಿಗದಿತ ಗಡುವಿನೊಳಗೆ ಬೇರೆ ಕೆಲಸವನ್ನೋ ಬೇರೆ ವೀಸಾವನ್ನೋ ಹುಡುಕಬೇಕು. ಸಿಗದಿದ್ದರೆ ಫ್ಲಾಟ್ ಅಲ್ಲೇ, ಮಾಲೀಕರು ಊರಿಗೆ. ಮುಂದೆ ಸ್ವಂತ ಮನೆಯ ಬೀಗ ತೆಗೆಯಲು ವಿಸಿಟ್ ವೀಸಾ ಮಾಡಿಸಿಕೊಂಡು ಬರಬೇಕು.

ಪೌರತ್ವದ ಮಾತಂತೂ ಕೇಳಲೇಬಾರದು. 2021ರ ಜನವರಿಯಲ್ಲಿ ಯುಎಇ ಕಾನೂನು ತಿದ್ದಿ ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳು, ಕಲಾವಿದರಂಥ ಆಯ್ದ ಕೆಲವರಿಗೆ ಪೌರತ್ವ ಕೊಡಬಹುದು ಎಂದದ್ದು ಹೌದು. ಆದರೆ ಹೆಸರು ಸೂಚಿಸಬೇಕಾದವರು ಅಲ್ಲಿನ ದೊರೆಗಳ, ಯುವರಾಜರ ಆಸ್ಥಾನಗಳು, ಕಾರ್ಯಕಾರಿ ಮಂಡಳಿಗಳು, ಸಂಪುಟ. ನೀವು ಸ್ಟುಡಿಯೋ ಫ್ಲಾಟಿನ ಡೀಡ್ ಹಿಡಿದು ಅರ್ಜಿ ಹಾಕುವ ಕೌಂಟರು ಎಲ್ಲೂ ಇಲ್ಲ. ಒಂದು ವೇಳೆ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಸ್ವಇಚ್ಛೆಯಿಂದ ಬೇರೆ ದೇಶದ ಪೌರರಾದ ದಿನವೇ 1955ರ ಪೌರತ್ವ ಕಾಯ್ದೆಯ ಪ್ರಕಾರ ಭಾರತದ ಪೌರತ್ವ ಹೋಗುತ್ತದೆ. ಊಟದ ಪಂಕ್ತಿಯ ತಜ್ಞರು ಈ ಭಾಗಕ್ಕೆ ಬರುವ ಹೊತ್ತಿಗೆ ಪಾಯಸ ಬಂದಿರುತ್ತದೆ.

ಈ ನಂಬಿಕೆ ಯಾಕೆ ಇಷ್ಟು ಗಟ್ಟಿ? ನಮ್ಮ ತಲೆಯಲ್ಲಿ ಜಾಗ ಇದ್ದವನೇ ಊರಿನವನು. ಪಹಣಿಯಲ್ಲಿ ಹೆಸರಿದ್ದರೆ, ಪಂಚಾಯಿತಿಯಲ್ಲಿ ಖಾತೆಯಾಗಿದ್ದರೆ ನಿನ್ನನ್ನು ಎಬ್ಬಿಸುವವರು ಯಾರು ಎಂಬ ಧೈರ್ಯದಲ್ಲೇ ಬೆಳೆದವರು ನಾವು. ಆ ಧೈರ್ಯವನ್ನು ಪಾಸ್‌ಪೋರ್ಟಿನ ಜೊತೆ ವಿಮಾನಕ್ಕೆ ಹತ್ತಿಸಿಕೊಂಡು ಹೋಗುತ್ತೇವೆ. ಆಸ್ಟ್ರೇಲಿಯಾವನ್ನು ನೋಡಿ, ಅಲ್ಲಿ ಸಂಗತಿ ತಲೆಕೆಳಗು. ತಾತ್ಕಾಲಿಕ ವೀಸಾದ ಮೇಲೆ ಕಾನೂನುಬದ್ಧವಾಗಿ ವಾಸವಿರುವವರೂ ಹಳೆಯ ಮನೆಗಳನ್ನು ಕೊಳ್ಳದಂತೆ ಅಲ್ಲಿನ ಸರ್ಕಾರ 2025ರ ಏಪ್ರಿಲ್ 1ರಿಂದ ಎರಡು ವರ್ಷಗಳ ನಿಷೇಧ ಹೇರಿತು. ಇರಬಹುದು, ಕೊಳ್ಳುವಂತಿಲ್ಲ. ದುಬೈನಲ್ಲಿ ಕೊಳ್ಳಬಹುದು, ಇರುವ ಮಾತು ಬೇರೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ದಂಡ. "ದುಬೈನಲ್ಲಿ ಟ್ಯಾಕ್ಸೇ ಇಲ್ಲ" ಎನ್ನುವವರು ವರ್ಗಾವಣೆಗೆ ಶೇಕಡಾ 4 ಶುಲ್ಕ, ಸಾಮಾನ್ಯವಾಗಿ ಶೇಕಡಾ 2 ದಲ್ಲಾಳಿ ಕಮಿಷನ್, ಅದರ ಮೇಲೆ ವ್ಯಾಟ್, ವರ್ಷ ವರ್ಷ ಚದರಡಿ ಲೆಕ್ಕದ ಸರ್ವಿಸ್ ಚಾರ್ಜ್, ಎಷ್ಟೋ ಕಟ್ಟಡಗಳಲ್ಲಿ ಎಸಿ ತಂಪಿನ ಚಿಲ್ಲರ್ ಬಿಲ್ ಎಲ್ಲವನ್ನೂ ಒಮ್ಮೆ ಕೂಡಿ ನೋಡಲಿ. ಕಟ್ಟುತ್ತಿರುವ ಮನೆಗೆ ಎಸ್ಕ್ರೋ ಖಾತೆ ಇದ್ದರೆ ಹಣ ಬೇರೆ ಪ್ರಾಜೆಕ್ಟಿಗೆ ಹರಿಯದಂತೆ ತಡೆ ಇರುತ್ತದೆ, ಮನೆ ಹೇಳಿದ ದಿನಕ್ಕೆ ಮುಗಿಯುತ್ತದೆ ಎಂದಲ್ಲ. ಗಂಡ ತೀರಿಕೊಂಡರೆ ಮನೆ ತಾನಾಗಿ ಹೆಂಡತಿಗೆ ಬರುವುದಿಲ್ಲ. ಕೋರ್ಟಿನ ಆದೇಶ ಬೇಕು. ಉಯಿಲಿಲ್ಲದ ಮುಸ್ಲಿಮೇತರರಿಗೆ 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕಾನೂನು ಅರ್ಧವನ್ನು ಸಂಗಾತಿಗೆ, ಉಳಿದರ್ಧವನ್ನು ಮಕ್ಕಳಿಗೆ ಸಮನಾಗಿ ಹಂಚುತ್ತದೆ. ಊರಿಗೆ ಮರಳಿ ಇಲ್ಲಿನ ತೆರಿಗೆ ಲೆಕ್ಕದಲ್ಲಿ ಪೂರ್ಣ ನಿವಾಸಿಯಾದ ಮೇಲೆ ಆ ಫ್ಲಾಟನ್ನು ಪ್ರತಿವರ್ಷ ರಿಟರ್ನಿನಲ್ಲಿ ತೋರಿಸಬೇಕು, ಬಾಡಿಗೆ ಬರಲಿ ಬಿಡಲಿ. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿ ದಂಡದ ಅವಕಾಶವಿದೆ.

ನನಗೆ ಬೇಸರ ತರಿಸುವುದು ತಪ್ಪು ತಿಳಿವಳಿಕೆಯಲ್ಲ, ತಿಳಿಯಲು ಒಂದು ಗಂಟೆಯನ್ನೂ ಕೊಡದ ಉಡಾಫೆ. 2025ರ ಜುಲೈ ಮೊದಲ ವಾರ ಒಂದು ಸುದ್ದಿ ಹಬ್ಬಿತು: ಸುಮಾರು 23 ಲಕ್ಷ ರೂಪಾಯಿ ಕಟ್ಟಿದರೆ ಭಾರತೀಯರಿಗೆ ಆಜೀವ ಗೋಲ್ಡನ್ ವೀಸಾ, ಮನೆಯೂ ಬೇಡ. ಪತ್ರಿಕೆ, ಟಿವಿಗಳು ಮುಗಿಬಿದ್ದು ಬಿತ್ತರಿಸಿದವು. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟಿನ ಮುಂಗಡಕ್ಕೆ ಸರಿಹೋಗುವ ಹಣಕ್ಕೆ ಆಜೀವ ವಾಸವನ್ನು ಯಾವ ದೇಶ ಮಾರುತ್ತದೆ ಎಂದು ಕೇಳಿದವರು ಕಡಿಮೆ. ಕೆಲವೇ ದಿನಗಳಲ್ಲಿ ಯುಎಇಯ ಪೌರತ್ವ ಪ್ರಾಧಿಕಾರ ಅದನ್ನು ಅಲ್ಲಗಳೆಯಿತು, ಸುದ್ದಿಯ ಹಿಂದಿದ್ದ ಸಂಸ್ಥೆ ಕ್ಷಮೆ ಕೇಳಿತು. ಸುದ್ದಿ ಬಂದ ವಾಟ್ಸ್ಯಾಪ್ ಗುಂಪುಗಳಲ್ಲಿ ಈ ಕ್ಷಮೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ದುಬೈ ಪ್ರಾಪರ್ಟಿ ಶೋಗಳು ನಡೆಯುತ್ತಲೇ ಇರುತ್ತವೆ. ಹೋಗುವುದಾದರೆ ಅಲ್ಲಿನ ಸೇಲ್ಸ್ ಹುಡುಗನ ಹತ್ತಿರ ವೀಸಾದ ಮಾತನ್ನು ಕರಾರುಪತ್ರದಲ್ಲಿ ಬರೆದುಕೊಡಲು ಕೇಳಿ. ಜ್ಯೂಸ್ ತಂದುಕೊಡುತ್ತಾನೆ.